ಹಿಂದಿನ ಬೆಂಚಿನಲ್ಲಿ ಕುಳಿತ ಮೇಷ್ಟ್ರು

ಮೊನ್ನೆ ಬ್ಯಾಂಕಿನಲ್ಲಿ ಗಾಜಿನಾಚೆ ಕುಳಿತಿದ್ದ ಹುಡುಗಿಯೊಬ್ಬಳು ಒಂದು ಫಾರಮ್ಮು ತುಂಬುವ ಬಗೆಯನ್ನು ನನಗೆ ಚಕಚಕನೆ ವಿವರಿಸಿ, ಕೊನೆಯಲ್ಲಿ "ಅರ್ಥ ಆಯ್ತಾ ಆಂಟಿ?" ಎಂದಳು. ನಾನು "ಆಯ್ತಮ್ಮ" ಎಂದೆ. ಆಗಿರಲಿಲ್ಲ. ಒಂದಕ್ಷರವೂ ಆಗಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಂತು ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಾಗ ಮೈಯೆಲ್ಲ ಉರಿಯಿತು. ಕೋಪ ಆ ಹುಡುಗಿಯ ಮೇಲೋ ನನ್ನ ಮೇಲೋ ಎಂದು ತೀರ್ಮಾನವಾಗುವಷ್ಟರಲ್ಲಿ ನನ್ನ ಬಸ್ಸು ಕಣ್ಣೆದುರೇ ಹೋಗಿಬಿಟ್ಟಿತು.

ನಮ್ಮಪ್ಪ ನನಗೆ ಶಾಂತಾ ಎಂದು ಹೆಸರಿಟ್ಟರು. ಮಗುವನ್ನು ಸರಿಯಾಗಿ ನೋಡದೆ ಆತುರಾತುರವಾಗಿ ಇಟ್ಟ ಹೆಸರು. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ಈ ಹೆಸರು ಹಿಡಿದು ಕರೆಯುವಾಗಲೆಲ್ಲ ನಗು ನುಂಗುತ್ತಿದ್ದರು. ಕ್ರಮೇಣ ಹೆದರಿಕೆಗೆ ನುಂಗುವುದಕ್ಕೂ ನಗು ಬರದಾಯಿತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನ ಮಂಡಿ ಸೋತಿದೆ, ಕಣ್ಣು ಸೋತಿದೆ. ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ.

ಆದರೆ ಆ "ಅರ್ಥ ಆಯ್ತಾ?" ಇದೆಯಲ್ಲ, ಅದನ್ನು ನಾನು ನನ್ನ ಜನ್ಮದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನು ಲೆಕ್ಕದ ಟೀಚರು. ನಾನು "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ ರಾಗವಾಗಿ "ಆಯ್ತು ಮಿಸ್" ಎನ್ನುತ್ತಿತ್ತು. ನಾನು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಎಷ್ಟು ಸುಲಭದ ಕೆಲಸ, ನೀವೇ ಹೇಳಿ.

ನಾನು ಕಲಿತದ್ದೂ ಹಾಗೆಯೇ. ಅರವತ್ತರ ದಶಕದ ಆರಂಭದಲ್ಲಿ ದೇವನಹಳ್ಳಿಯಲ್ಲಿ ಮಿಡ್ಲ್ ಸ್ಕೂಲು ಓದುತ್ತಿದ್ದಾಗ ನಮಗೊಬ್ಬರು ಲೆಕ್ಕದ ಮೇಷ್ಟ್ರಿದ್ದರು. ಕಿವಿಯ ಹಾಲೆಗೂ ತಮ್ಮ ಬೆರಳಿಗೂ ನಡುವೆ ಒಂದು ಮರಳಿನ ಹರಳಿಟ್ಟು ಹಿಂಡುವುದು ಅವರ ಬೋಧನಾ ವಿಧಾನ. ಹಿತ್ತಲಲ್ಲಿ ಚಕ್ಕೋತದ ಮರವಿದ್ದವರ ಮಕ್ಕಳಿಗೆ ಮಾತ್ರ ಹರಳಿಲ್ಲದೆ ಹಿಂಡುತ್ತಿದ್ದರು. ನಮ್ಮ ಮನೆಯಲ್ಲಿ ಮರ ಇತ್ತು, ಕಾಯಿ ಬಿಡುತ್ತಿರಲಿಲ್ಲ. ಭಿನ್ನರಾಶಿಯ ಭಾಗಾಕಾರ ಬಂದಾಗ ಅವರು ಹೇಳಿದ್ದು ಎರಡೇ ಮಾತು: "ಎರಡನೇದನ್ನ ತಲೆಕೆಳಗೆ ಮಾಡು, ಗುಣಿಸು." ಯಾಕೆ ತಲೆಕೆಳಗೆ ಮಾಡಬೇಕು ಎಂದು ಕೇಳುವ ಧೈರ್ಯ ಕಿವಿ ಇದ್ದವರಿಗೆ ಯಾರಿಗೂ ಇರಲಿಲ್ಲ. ಆ ಎರಡು ಮಾತನ್ನು ಹೊತ್ತುಕೊಂಡು ಎಸ್ಸೆಸ್ಸೆಲ್ಸಿ ಪಾಸಾದೆ, ಟಿ.ಸಿ.ಎಚ್. ಟ್ರೈನಿಂಗ್ ಮುಗಿಸಿದೆ, ಎಪ್ಪತ್ತರ ದಶಕ ಶುರುವಾಗುವಾಗ ಕುಂದಾಣ ಹೋಬಳಿಯ ಒಂದು ಹಳ್ಳಿಯ ಶಾಲೆಗೆ ಟೀಚರಾಗಿ ಬಂದೆ.

ಆ ಶಾಲೆಯಲ್ಲಿ ಮುನಿಶಾಮಪ್ಪ ಮೇಷ್ಟ್ರು ಇದ್ದರು. ಐದು, ಆರು, ಏಳನೇ ತರಗತಿಗಳಿಗೆ ಲೆಕ್ಕ ಅವರದೇ. ಓದಿದ್ದು ಲೋಯರ್ ಸೆಕೆಂಡರಿ. ಟ್ರೈನಿಂಗ್ ಇಲ್ಲ, ಏನಿಲ್ಲ. ಹಳೆಯ ಕಾಲದಲ್ಲಿ ಮೇಷ್ಟ್ರು ಸಿಗದಿದ್ದಾಗ ನೇಮಕವಾಗಿ ಅಲ್ಲೇ ಉಳಿದವರು. ಮೊಣಕಾಲಿನ ಕೆಳಗೆ ಬರುವ ಪಂಚೆ, ಹೆಗಲ ಮೇಲೊಂದು ಚೌಕ, ಯಾವಾಗಲೂ ಸೀಮೆಸುಣ್ಣ ಹತ್ತಿದ ಬೆರಳು.

ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಡಿಕೆ. ಆಚೆ ಕಡೆ ಸದಾ ಗಲಾಟೆ. ಯಾವುದಾದರೂ ಹುಡುಗ ತಪ್ಪು ಮಾಡಿದರೆ ಮೇಷ್ಟ್ರು ಅವನ ಹೆಸರು ಹೇಳದೆ ಆ ತಪ್ಪನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಈ ಪುಣ್ಯಾತ್ಮ ಇದನ್ನ ಹೆಂಗ್ ಮಾಡವ್ನೆ, ಯಾರಾನ ಹೇಳ್ರಲಾ?" ಎನ್ನುತ್ತಿದ್ದರು. ತಗೊಳ್ಳಿ, ಸಂತೆ. "ನಂಗೊತ್ತು ಸಾ, ನಂಗೊತ್ತು!" ನಾನು ಹೆಡ್‌ಮಾಸ್ಟರ ಹತ್ತಿರ ಹೋಗಿ ದೂರು ಕೊಟ್ಟೆ. ಶಿಸ್ತು ಇಲ್ಲ ಸಾರ್, ನನ್ನ ಮಕ್ಕಳಿಗೆ ತೊಂದರೆಯಾಗುತ್ತಿದೆ ಎಂದೆ. ನಗಬೇಡಿ. ಆಗ ನನಗೆ ಇಪ್ಪತ್ತೊಂದು ವರ್ಷ, ಮೌನವಾಗಿರುವ ತರಗತಿಯೇ ಒಳ್ಳೆಯ ತರಗತಿ ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು.

ಎರಡು ವರ್ಷ ಕಳೆದ ಮೇಲೆ ಬೇಸಿಗೆ ರಜೆಯಲ್ಲಿ ಆರ್ಡರು ಬಂತು: ಹೊಸ ಗಣಿತದ ತರಬೇತಿ, ಹತ್ತು ದಿನ, ನೆಲಮಂಗಲದಲ್ಲಿ. ನಮ್ಮ ಶಾಲೆಯಿಂದ ಮುನಿಶಾಮಪ್ಪ ಮೇಷ್ಟ್ರು ಮತ್ತು ನಾನು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ಹೋಗಬೇಕಿತ್ತು. ಮೇಷ್ಟ್ರು ಆವತ್ತು ಒಗೆದು ಮಡಿಸಿದ ಕರಿ ಕೋಟು ಹಾಕಿಕೊಂಡು, ಸೂಜಿ ದಾರದಲ್ಲಿ ತಾವೇ ಹೊಲಿದ ನೋಟುಬುಕ್ಕನ್ನು ಎದೆಗೊತ್ತಿಕೊಂಡು ಕೂತಿದ್ದರು. ಬಸ್ಸು ಹೊರಟ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಟೀಚರಮ್ಮ, ಇಷ್ಟ್ ವರ್ಷದಲ್ಲಿ ನಂಗೆ ಯಾರೂ ಏನೂ ಹೇಳ್ಕೊಟ್ಟಿಲ್ಲ ಕಣಮ್ಮ. ಎಲ್ಲಾ ನಾನೇ ಗುದ್ದಾಡ್ಕಂಡ್ ಕಲ್ತಿದ್ದು. ಈಗ ಹೇಳ್ಕೊಡ್ತಾರಂತೆ."

ಈ ಮಾತು ನೆನಪಾದರೆ ಇವತ್ತಿಗೂ ನನಗೆ ಏನನ್ನಾದರೂ ಎತ್ತಿ ಬಿಸಾಡಬೇಕು ಅನ್ನಿಸುತ್ತದೆ.

ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬರು ಸಾಹೇಬರು ಬಂದಿದ್ದರು. ಟೆರಿಲಿನ್ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಬೋರ್ಡಿನ ಮೇಲೆ ವೃತ್ತದೊಳಗೆ ವೃತ್ತ ಬರೆದು ಗಣ ಅಂದರೆ ಸೆಟ್, ಉಪಗಣ, ಸಂಯೋಗ, ಛೇದನ ಎಂದು ಪುಸ್ತಕ ನೋಡಿಕೊಂಡು ಓದುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು. ಅರ್ಧ ಗಂಟೆಗೊಮ್ಮೆ ಅವರೂ ಕೇಳುತ್ತಿದ್ದರು, "ಅರ್ಥ ಆಯ್ತಾ?" ನಾವು, ಒಂದು ಹಾಲ್ ತುಂಬ ಮೇಷ್ಟ್ರುಗಳು, ರಾಗವಾಗಿ "ಆಯ್ತು ಸಾರ್" ಎನ್ನುತ್ತಿದ್ದೆವು.

ಮೂರನೆಯ ದಿನ ಮುನಿಶಾಮಪ್ಪ ಮೇಷ್ಟ್ರು ಎದ್ದು ನಿಂತರು. "ಸ್ವಾಮಿ, ಒಂದ್ ಮಾತು. ಮುನ್ನೂರ ಎರಡರಲ್ಲಿ ನೂರ ನಲವತ್ತೇಳು ಕಳೀರೋ ಅಂದ್ರೆ ನಮ್ ಹುಡುಗ್ರು ಇನ್ನೂರ ನಲವತ್ತೈದು ಅಂತಾವೆ. ಮೇಲಿನ ಅಂಕಿ ಚಿಕ್ಕದಾದ್ರೆ ಸುಮ್ನೆ ಉಲ್ಟಾ ಕಳ್ದುಬಿಡ್ತಾವೆ. ಒಬ್ರಿಬ್ರಲ್ಲ ಸ್ವಾಮಿ, ಪ್ರತಿ ವರ್ಷ ಒಂದಷ್ಟು ಮಕ್ಕಳು. ಇದನ್ನ ಬಿಡ್ಸೋಕೆ ಏನಾರ ದಾರಿ ಐತಾ?"

ಸಾಹೇಬರು ಕನ್ನಡಕ ತೆಗೆದರು. "ನಾವಿಲ್ಲಿ ಗಣಿತದ ತಳಹದಿ ಮಾತಾಡ್ತಿದೀವಿ. ನೀವಿನ್ನೂ ಕಳೆಯೋ ಲೆಕ್ಕದಲ್ಲೇ ಇದೀರಾ? ಏನು ಓದಿದೀರಿ?"

"ಲೋಯರ್ ಸೆಕೆಂಡರಿ ಸ್ವಾಮಿ."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರಿಗೆ ಹುರುಪು ಬಂತು. "ಬನ್ನಿ ಇಲ್ಲಿ. ಶೂನ್ಯ ಗಣ ಬರೀರಿ ನೋಡೋಣ. ನೆನ್ನೆ ಹೇಳಿದೀನಿ."

ಮೇಷ್ಟ್ರು ಬೋರ್ಡಿನ ಮುಂದೆ ಹೋಗಿ ನಿಂತರು. ಬಾಗಿದ ಎರಡು ಕಂಸ ಬರೆದು, ನಡುವೆ ಒಂದು ಸೊನ್ನೆ ಬರೆದರು.

"ಒಳಗೆ ಸೊನ್ನೆ ಅಂತ ಒಂದು ಸದಸ್ಯ ಇದೆಯಲ್ರೀ! ಖಾಲಿ ಹೇಗಾಯ್ತು?" ಎಂದು ಸಾಹೇಬರು ನಮ್ಮ ಕಡೆ ತಿರುಗಿದರು. "ಶೂನ್ಯ ಗಣಕ್ಕೆ ಉದಾಹರಣೆ ಬೇಕಾದ್ರೆ ಬರ್ಕೊಳ್ಳಿ. ಈ ಮೇಷ್ಟ್ರ ತಲೇಲಿರೋ ಗಣಿತ."

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಬಹುದಿತ್ತು. ನಿಮಗೆ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ನಕ್ಕಾಗ ಮೇಷ್ಟ್ರು ನನ್ನ ಕಡೆಯೇ ನೋಡುತ್ತಿದ್ದರು. ಅವರು ಸೀಮೆಸುಣ್ಣವನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟು ಬಂದು ಕೂತರು. ಉಳಿದ ಏಳು ದಿನ ಬಾಯಿ ಬಿಡಲಿಲ್ಲ. ಕೊನೆಯ ದಿನ ಪರೀಕ್ಷೆ ಕೊಟ್ಟರು. ನನಗೆ ಪ್ರಥಮ ದರ್ಜೆಯ ಸರ್ಟಿಫಿಕೇಟು ಬಂತು. ಅವರು ಖಾಲಿ ಹಾಳೆ ಕೊಟ್ಟಿದ್ದರು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಮೇಷ್ಟ್ರು ಹೆಡ್‌ಮಾಸ್ಟರ ಮುಂದೆ ನಿಂತು, "ನಂಗೆ ಲೆಕ್ಕ ಬರಲ್ಲ ಸಾರ್, ಒಂದನೇ ಕ್ಲಾಸು ಕೊಡಿ" ಎಂದರು. ಹೆಡ್‌ಮಾಸ್ಟರು ಸಾಧು ಮನುಷ್ಯ, ಯಾರು ಏನು ಕೇಳಿದರೂ ಕೊಡುವವರು. ಒಂದನೇ ತರಗತಿ ಅವರಿಗೆ ಕೊಟ್ಟರು. ಮೂರು ತರಗತಿಯ ಲೆಕ್ಕ ಸರ್ಟಿಫಿಕೇಟು ಇದ್ದ ನನಗೆ ಬಂತು.

ನಾನು ವೃತ್ತ ಬರೆದೆ. ಹಸುಗಳ ಗಣ, ಎಮ್ಮೆಗಳ ಗಣ, ಕರಿ ದನಗಳ ಉಪಗಣ. ಮಕ್ಕಳು ಚಂದವಾಗಿ ಬರೆದುಕೊಂಡರು, ರಾಗವಾಗಿ ಅರ್ಥ ಮಾಡಿಕೊಂಡರು. ತಡಿಕೆಯಾಚೆಯೂ ಈಚೆಯೂ ಮೌನ. ಅರ್ಧ ವಾರ್ಷಿಕ ಪರೀಕ್ಷೆಯ ಪೇಪರು ತಿದ್ದಲು ಕೂತಾಗ ಗೊತ್ತಾಯಿತು. ವರ್ಷದ ಕೊನೆಗೆ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಬೇರೆ. ನನ್ನ ಮಕ್ಕಳಿಗೆ ವೃತ್ತ ಬರೆಯಲು ಬರುತ್ತಿತ್ತು, ಭಾಗಿಸಲು ಬರುತ್ತಿರಲಿಲ್ಲ.

ನಾನು ಹೊಡೆದೆ. ರೂಲು ದೊಣ್ಣೆಯಲ್ಲಿ ಗೆಣ್ಣಿನ ಮೇಲೆ. ಅಷ್ಟು ಹೇಳಿಕೊಟ್ಟೂ ಬರಲ್ಲ ಎಂದರೆ ತಪ್ಪು ಯಾರದ್ದು? ಮಕ್ಕಳದ್ದೇ ಎಂದುಕೊಂಡಿದ್ದೆ.

ಏಳನೇ ತರಗತಿಯಲ್ಲಿ ಚಿಕ್ಕತಾಯಮ್ಮ ಎಂಬ ಹುಡುಗಿ ಇದ್ದಳು. ಮೇಷ್ಟ್ರ ಕಾಲದಲ್ಲಿ ತಡಿಕೆಯಾಚೆಯಿಂದ "ನಂಗೊತ್ತು ಸಾ" ಎಂದು ಎಲ್ಲರಿಗಿಂತ ಮೊದಲು ಕೂಗುತ್ತಿದ್ದ ಗಂಟಲು ಅವಳದು. ನನ್ನ ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದೇ ಇಲ್ಲ. ಪರೀಕ್ಷೆಯಲ್ಲಿ ಅವಳೂ ಫೇಲು. ಅವಳಪ್ಪ ಹೊಲದಿಂದ ಹಾಗೇ ಕೆಸರು ಕಾಲಲ್ಲಿ ಶಾಲೆಗೆ ಬಂದ. "ಏನ್ ಟೀಚರಮ್ಮ, ನಮ್ ಮಗೀಗೆ ಲೆಕ್ಕ ಕಲಿಸ್ತೀರೋ, ದನ ವಿಂಗಡ್ಸೋದ್ ಕಲಿಸ್ತೀರೋ? ಅದು ನಮ್ ಮನೇಲೇ ಕಲ್ತೈತೆ. ಪಬ್ಲಿಕ್‌ನಲ್ಲೂ ಹಿಂಗೇ ಆದ್ರೆ ಬಿಡ್ಸಿಬಿಡ್ತೀನಿ. ಅವಳತ್ತೆ ಮನೇವ್ರು ಆಗ್ಲೇ ಹೆಣ್ಣು ಕೇಳ್ತಾವ್ರೆ."

ಹುಡುಗಿಗೆ ಹದಿಮೂರು ವರ್ಷ.

ಆವತ್ತು ಮಧ್ಯಾಹ್ನ ನೇರವಾಗಿ ಶಾಲೆಯ ಹಿಂದಿನ ಕೈತೋಟಕ್ಕೆ ಹೋದೆ. ಮೇಷ್ಟ್ರು ಒಂದನೇ ತರಗತಿಯ ಮಕ್ಕಳನ್ನು ನೆರಳಲ್ಲಿ ಕೂರಿಸಿ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ಕ್ಷಮೆ ಕೇಳಲು ಹೋದವಳು ನಾನು. ಬಾಯಿಂದ ಬಂದದ್ದು ಜಗಳ.

"ಏನ್ ಮೇಷ್ಟ್ರೇ, ಯಾರೋ ಒಬ್ಬ ಏನೋ ಅಂದ ಅಂತ ನೀವ್ ಹಿಂಗೆ ಗಿಡಕ್ಕೆ ನೀರ್ ಹಾಕ್ಕೊಂಡ್ ಕೂತ್ರೆ ಮಕ್ಕಳ ಗತಿ ಏನು? ನಿಮ್ಮ ಪೌರುಷಕ್ಕೆ ಆ ಚಿಕ್ಕತಾಯಮ್ಮ ಓದು ಬಿಟ್ಟು ಮದುವೆ ಆಗ್ಬೇಕಾ?"

ಅವರು ಚೊಂಬು ಕೆಳಗಿಟ್ಟರು. "ಆವತ್ತು ನೀವೂ ನಕ್ಕಿರಿ."

"ನಕ್ಕೆ" ಎಂದೆ.

"ಯಾಕ್ ನಕ್ಕಿರಿ? ಬೈಯ್ಯೋಕಲ್ಲ ಕೇಳ್ತಿರೋದು. ನಾನ್ ಬರ್ದಿದ್ದು ತಪ್ಪು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ ಮೇಷ್ಟ್ರೇ. ನಾನಾಗಿದ್ರೂ ಸೊನ್ನೇನೇ ಬರೀತಿದ್ದೆ. ಎಲ್ರೂ ನಕ್ರು ಅಂತ ನಕ್ಕೆ."

ಮೇಷ್ಟ್ರು ಮೊದಲ ಸಲ ಸಣ್ಣಗೆ ನಕ್ಕರು. "ನಿಮ್ ಕ್ಲಾಸಲ್ಲಿ ಮಕ್ಕಳು ಆಯ್ತು ಮಿಸ್ ಅಂತಾವಲ್ಲ, ಅದೂ ಹಂಗೇ ಕಣಮ್ಮ."

ಅವರು ಲೆಕ್ಕದ ತರಗತಿ ವಾಪಸ್ಸು ತೆಗೆದುಕೊಳ್ಳಲಿಲ್ಲ. ಎಷ್ಟು ಕೇಳಿದರೂ ಇಲ್ಲ. "ನಾನ್ ಇವತ್ತೋ ನಾಳೆಯೋ ರಿಟೈರ್ ಆಗೋನು. ನೀವ್ ಇನ್ನೂ ಮೂವತ್ತು ವರ್ಷ ಮಕ್ಕಳ ಗೆಣ್ಣು ಮುರೀಬೇಕಲ್ಲ. ನೀವೇ ಪಾಠ ಮಾಡಿ. ನಾನು ಹಿಂದ್ಗಡೆ ಬಂದ್ ಕೂತ್ಕತೀನಿ. ಬಾಯ್ ಬಿಡಲ್ಲ" ಎಂದರು. ಹೆಡ್‌ಮಾಸ್ಟರು ಈ ಏರ್ಪಾಟಿಗೆ, "ನಾನು ನೋಡಿಲ್ಲ, ನನಗೆ ಗೊತ್ತಿಲ್ಲ" ಎಂದು ಒಪ್ಪಿಗೆ ಕೊಟ್ಟರು. ಆ ಒಂದು ಗಂಟೆ ಒಂದನೇ ತರಗತಿಯ ಮಕ್ಕಳನ್ನು ತಾವೇ ನೋಡಿಕೊಂಡರು, ಪಾಪ.

ಮೊದಲ ದಿನ ನಾನು ಜೀವನದಲ್ಲಿ ಮಾಡದಷ್ಟು ಚೆನ್ನಾಗಿ ಪಾಠ ಮಾಡಿದೆ ಎಂದುಕೊಂಡೆ. ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಮೇಷ್ಟ್ರು ಹೇಳಿದ್ದು ಇಷ್ಟು: "ಟೀಚರಮ್ಮ, ಪ್ರಶ್ನೇನೂ ನೀವೇ ಕೇಳ್ತೀರಿ, ಉತ್ತರಾನೂ ನೀವೇ ಹೇಳ್ತೀರಿ. ಮಕ್ಕಳು ಯಾತಕ್ ಬಂದವ್ರೆ?" ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಅವರು ಎರಡೂ ದಿನ ಬಂದು ಕೂತರು.

ಮೂರನೆಯ ದಿನ, ಆ ವರ್ಷವೇ ಬೇರೆ ಶಾಲೆಯಿಂದ ಬಂದು ಸೇರಿದ್ದ ಒಬ್ಬ ಹುಡುಗ ನೂರ ಎರಡನ್ನು ನೂರು ಬರೆದು ಪಕ್ಕದಲ್ಲಿ ಎರಡು ಬರೆದ. ಸಾವಿರದ ಎರಡು. ಏಳನೇ ತರಗತಿಯ ಹುಡುಗ! ನನ್ನ ಕೈ ರೂಲು ದೊಣ್ಣೆಗೆ ಹೋಯಿತು. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ತಲೆಯನ್ನು ಒಂದಿಷ್ಟೇ ಆಡಿಸಿದರು. ನಾನು ಹಲ್ಲು ಕಚ್ಚಿಕೊಂಡು, "ಹೇಗೆ ಬರೆದೆ, ಹೇಳು" ಎಂದೆ. ಹುಡುಗ, "ನೂರು... ಆಮೇಲೆ ಎರಡು ಮಿಸ್" ಎಂದ. ನಾನು ಹೇಳಿದ್ದೂ ಅದನ್ನೇ ತಾನೆ? ನೂರ, ಎರಡು. ಅವನು ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದ. ಏಳು ವರ್ಷ ಎಷ್ಟು ಜನ ಅವನ ಗೆಣ್ಣಿಗೆ ಹೊಡೆದಿದ್ದರೋ, ಒಬ್ಬರೂ ಕೇಳಿರಲಿಲ್ಲ. ಆ ರೂಲು ದೊಣ್ಣೆಯನ್ನು ಆವತ್ತೇ ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು ಬಂದೆ. ಗೆರೆ ಹಾಕುವುದಕ್ಕೆ ಇರಲಿ ಎಂದು ಅವರು ಇಟ್ಟುಕೊಂಡರು.

ಹೀಗೆ ಒಂದೊಂದು ದಿನಕ್ಕೆ ಒಂದೊಂದೇ ಮಾತು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಬೇಗ ಬೇಗ ಅಳಿಸಬೇಡಿ. ಕೈ ಎತ್ತದವರ ಕಡೆ ನೋಡಿ. ಸರಿ ಉತ್ತರ ಬಂದಾಗಲೂ ಹೆಂಗೆ ಬಂತು ಅಂತ ಕೇಳಿ.

ಭಿನ್ನರಾಶಿಯ ಭಾಗಾಕಾರ ಬಂತು. ಮೂರನ್ನು ಅರ್ಧದಿಂದ ಭಾಗಿಸಿ. ನಾನು ನನ್ನ ಎರಡು ಮಾತು ಹೇಳಿದೆ: ತಲೆಕೆಳಗೆ ಮಾಡಿ, ಗುಣಿಸಿ. ತಿಂಗಳುಗಟ್ಟಲೆ ಮೂಕಿಯಾಗಿದ್ದ ಚಿಕ್ಕತಾಯಮ್ಮ ಎದ್ದು ನಿಂತಳು. "ಯಾಕ್ ಮಿಸ್ ತಲೆಕೆಳಗೆ ಮಾಡ್ಬೇಕು? ಮೂರನ್ನ ಅರ್ಧ ಮಾಡಿದ್ರೆ ಒಂದೂವರೆ ಅಲ್ವಾ? ಆರು ಹೆಂಗ್ ಬರ್ತೈತೆ?"

ನಾನು ಹಿಂದಿನ ಬೆಂಚು ನೋಡಿದೆ. ಮೇಷ್ಟ್ರು ಕಿಟಕಿಯಾಚೆ ಕಾಗೆ ನೋಡುತ್ತಿದ್ದರು.

"ನನಗೆ ಗೊತ್ತಿಲ್ಲ" ಎಂದೆ.

ಆ ಮಾತು ನನ್ನ ಬಾಯಿಂದ ತರಗತಿಯಲ್ಲಿ ಬಂದದ್ದು ಅದೇ ಮೊದಲು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೇ ಮುಂದುವರಿಸಿದೆ: "ಆರನ್ನ ಎರಡರಿಂದ ಭಾಗಿಸು ಅಂದ್ರೆ ಏನು? ಯಾರಾದ್ರೂ ಹೇಳಿ." ಒಬ್ಬ ಹೇಳಿದ, "ಆರು ಮುದ್ದೆ ಐತೆ, ಒಬ್ರಿಗೆ ಎರಡು ಹಾಕಿದ್ರೆ ಮೂರು ಜನಕ್ಕಾಯ್ತದೆ." ಚಿಕ್ಕತಾಯಮ್ಮ ನಿಂತೇ ಇದ್ದಳು. ಅವಳ ತುಟಿ ಏನೋ ಲೆಕ್ಕ ಹಾಕುತ್ತಿತ್ತು. "ಮಿಸ್! ಮೂರು ಮುದ್ದೆ ಐತೆ. ಒಬ್ರಿಗೆ ಅರ್ಧ ಅರ್ಧ ಹಾಕಿದ್ರೆ... ಆರು ಜನ! ಅರ್ಧ ಮಾಡೋದಲ್ಲ ಮಿಸ್, ಅರ್ಧ ಅರ್ಧವಾಗಿ ಬಡ್ಸೋದು! ಒಂದೊಂದ್ ಮುದ್ದೇಲೂ ಎರಡೆರಡು ಅರ್ಧ, ಅದ್ಕೇ ಎರಡರಿಂದ ಗುಣಿಸೋದು!"

ತರಗತಿ ಕಿರುಚಿತು. ತಡಿಕೆಯಾಚೆಯಿಂದ ಯಾರೋ "ಏನ್ರೀ ಅದು ಗಲಾಟೆ" ಎಂದರು. ನನಗೆ ಅಳು ಬಂತು. ಸಂತೋಷಕ್ಕೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸಿಟ್ಟಿನ ಅಳು. ಮುದ್ದೆ ತಿಂದು ಬೆಳೆದವಳು ನಾನು. ಇಷ್ಟು ಸಣ್ಣ ವಿಷಯವನ್ನು ಹತ್ತು ಹನ್ನೆರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಅವರ ಮೇಷ್ಟ್ರು ಹೇಳಿರಲಿಲ್ಲ. ಎಷ್ಟು ಕಿವಿ, ಎಷ್ಟು ಗೆಣ್ಣು, ಸುಮ್ಮಸುಮ್ಮನೆ.

ಪಬ್ಲಿಕ್ ಪರೀಕ್ಷೆ ಆಯಿತು. ಚಿಕ್ಕತಾಯಮ್ಮ ಪಾಸಾದಳು. ಲೆಕ್ಕದಲ್ಲಿ ನಾವು ಕೈಬಿಟ್ಟಿದ್ದ ಮಕ್ಕಳೂ ಪಾಸಾದರು. ಅವಳಪ್ಪ ಒಂದು ಕುಕ್ಕೆ ಒಣಗಿದ ಅವರೆಕಾಳು ತಂದಿಟ್ಟು, "ಕುಂದಾಣದಾಗೆ ಹೈಸ್ಕೂಲು ಐತಾ ಟೀಚರಮ್ಮ?" ಎಂದು ಕೇಳಿದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಮ್ಮ ಇಲಾಖೆ ಇದೆಯಲ್ಲ.

ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರು ಬಂದಿದ್ದಾಗ ಮೇಷ್ಟ್ರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದನ್ನು ನೋಡಿ ಬರೆದುಕೊಂಡು ಹೋಗಿದ್ದರು. ಹೆಡ್‌ಮಾಸ್ಟರು ಆಗಲೂ "ನಾನು ನೋಡಿಲ್ಲ" ಎಂದಿದ್ದರು. ಮೇ ತಿಂಗಳಲ್ಲಿ ಎರಡು ಕಾಗದ ಒಂದೇ ಟಪಾಲಿನಲ್ಲಿ ಬಂದವು. ಒಂದು ನನಗೆ: ಗಣಿತದ ಉತ್ತಮ ಫಲಿತಾಂಶಕ್ಕೆ ಪ್ರಶಂಸೆ, ಮತ್ತು ನೆಲಮಂಗಲದ ಮುಂದಿನ ತರಬೇತಿಯಲ್ಲಿ ನನ್ನ ಅನುಭವ ಹೇಳಬೇಕೆಂಬ ಆಹ್ವಾನ. ಇನ್ನೊಂದು ಮೇಷ್ಟ್ರಿಗೆ: ಶಾಲಾ ವೇಳೆಯಲ್ಲಿ ತಮ್ಮ ತರಗತಿ ಬಿಟ್ಟು ಬೇರೆಡೆ ಸುಮ್ಮನೆ ಕುಳಿತದ್ದು ಕರ್ತವ್ಯಲೋಪ, ಆದ್ದರಿಂದ ಮಧುರೆ ಹೋಬಳಿಯ ಶಾಲೆಗೆ ವರ್ಗ. ನಿವೃತ್ತಿಗೆ ಎರಡು ವರ್ಷ ಇತ್ತು ಅವರಿಗೆ.

ನಾನು ಇಲಾಖೆಯ ಆಫೀಸಿಗೆ ಹೋಗಿ ಕೂಗಾಡಿದೆ. ಪಾಠ ಮಾಡಿದ್ದು ನಾನು ಸಾರ್, ಮಾಡಿಸಿದ್ದು ಅವರು ಎಂದೆ. ಅಧಿಕಾರಿ ತಣ್ಣಗೆ ಹೇಳಿದರು, "ಅವರು ಅನ್‌ಟ್ರೇನ್ಡ್. ಟ್ರೇನ್ಡ್ ಟೀಚರ್‌ಗೆ ಅವರು ಹೇಗೆ ಹೇಳ್ಕೊಡ್ತಾರೆ? ನಿಮಗೆ ಒಳ್ಳೇ ಹೆಸರು ಬಂದಿದೆ, ಸುಮ್ನಿರಿ." ಮೇಷ್ಟ್ರು ಮಾತ್ರ ಹೊರಡುವ ದಿನ, "ಅಲ್ಲೂ ಮಕ್ಕಳು ಇರ್ತಾವೆ ಬಿಡಿ" ಎಂದು ಟ್ರಂಕು ಬಸ್ಸಿನ ಮೇಲೆ ಹಾಕಿಸಿದರು.

ಶಾಲೆ ಶುರುವಾದ ಮೇಲೆ ಜುಲೈನಲ್ಲಿ ನೆಲಮಂಗಲಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಸರಿಯಾದ ಗ್ರಾಂಥಿಕ ಕನ್ನಡಕ್ಕೆ ತಿದ್ದಿಕೊಂಡೆ. ಅದೇ ಹಾಲ್, ಅದೇ ಸಾಹೇಬರು. "ನಮ್ಮ ತರಬೇತಿಯ ಫಲ ಇವರು" ಎಂದು ಪರಿಚಯಿಸಿದರು. ನಾನು ಎದ್ದು ನಿಂತು, ಎಲ್ಲವನ್ನೂ ಹೇಳಿದೆ. ಆ ಸೊನ್ನೆಯನ್ನು, ಆ ನಗುವನ್ನು, ನಾನೂ ನಕ್ಕದ್ದನ್ನು. "ನನಗೆ ಲೆಕ್ಕ ಕಲಿಸಿದವರು ಲೋಯರ್ ಸೆಕೆಂಡರಿ ಓದಿದ ಮುನಿಶಾಮಪ್ಪ ಮೇಷ್ಟ್ರು. ಈಗ ಮಧುರೆ ಕಡೆ ಇದ್ದಾರೆ. ಇಲ್ಲಿ ಹತ್ತು ದಿನ ಕೂರುವ ಬದಲು ಅವರ ತರಗತಿಯಲ್ಲಿ ಒಂದು ದಿನ ಕೂರಿ" ಎಂದೆ. ಸಾಹೇಬರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. "ಎಂಥಾ ವಿನಯ ನೋಡಿ" ಎಂದರು. ಹಾಲ್ ತುಂಬ ಚಪ್ಪಾಳೆ. ಒಬ್ಬರ ಕಿವಿಗೂ ಬಿದ್ದಿರಲಿಲ್ಲ.

ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರು, ಹೊಸಕೋಟೆ ಕಡೆಯವಳು. ಸೆರಗಿನ ತುದಿ ತಿರುಚುತ್ತಾ ಕೇಳಿದಳು, "ಮಿಸ್, ಮಧುರೆಗೆ ಯಾವ ಬಸ್ಸಲ್ಲಿ ಹೋಗ್ಬೇಕು?"

"ದೊಡ್ಡಬಳ್ಳಾಪುರದ ಬಸ್ಸು. ದಾರೀಲೇ ಸಿಗ್ತದೆ" ಎಂದೆ. ಆಮೇಲೆ, "ನಡಿಯಮ್ಮ, ನಾನೂ ಬರ್ತೀನಿ" ಎಂದೆ. ಇಬ್ಬರೂ ಊಟ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆವು.

ಎರಡು ವಾರದಲ್ಲಿ ನನಗೂ ಮೆಮೊ ಬಂತು. ಶಿಬಿರದ ಮಧ್ಯಾಹ್ನದ ಅವಧಿಗೆ ಅನುಮತಿಯಿಲ್ಲದೆ ಗೈರುಹಾಜರಾಗಿ ಎಲ್ಲಿಗೆ ಹೋಗಿದ್ದಿರಿ, ಸಮಜಾಯಿಷಿ ಕೊಡಿ. ಹೆಡ್‌ಮಾಸ್ಟರು ಗಾಬರಿಯಾಗಿ, "ಹೊಟ್ಟೆನೋವು ಅಂತ ಬರ್ದುಬಿಡಮ್ಮ, ನಾನು ಸಹಿ ಹಾಕ್ತೀನಿ" ಎಂದರು.

ನಾನು ಒಂದೇ ಸಾಲು ಬರೆದೆ: "ತರಬೇತಿಗೆ ಹೋಗಿದ್ದೆ."